ಕೋರ್ ಕೊಳ್ಳುವ ಮುನ್ನ ಕೆಲಸದ ಹಂಚಿಕೆ

ಜಿ.ಎಸ್.ಟಿ. ಮಂಡಳಿಯು 2025ರ ಸೆಪ್ಟೆಂಬರ್ 3ರಂದು ತೆರಿಗೆ ದರಗಳ ಪರಿಷ್ಕರಣೆಯನ್ನು ನಿರ್ಧರಿಸಿತು. ಹೊಸ ದರಗಳು ಸೆಪ್ಟೆಂಬರ್ 22ರಿಂದ ಜಾರಿಗೆ ಬಂದವು. ದರವನ್ನು ಪ್ರೋಗ್ರಾಂನೊಳಗೇ ಬರೆದಿಟ್ಟ ಬಿಲ್ಲಿಂಗ್ ತಂತ್ರಾಂಶವಾದರೆ, ಅದನ್ನು ತಿದ್ದಿ, ಮತ್ತೆ ಕಂಪೈಲ್ ಮಾಡಿ, ಪರೀಕ್ಷಿಸಿ ವರ್ತಕರಿಗೆ ತಲುಪಿಸಲು ಮೂರು ವಾರವೂ ಇರಲಿಲ್ಲ. ಇಂಥ ವೇಳೆಯಲ್ಲಿ ಹದಡಿಯ ಅಂಗಡಿಕಾರನಿಗೂ ಹರಿಹರದ ಬಿಡಿಭಾಗ ತಯಾರಕನಿಗೂ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ.

ಬರೆದ ಪ್ರೋಗ್ರಾಂ ಅನ್ನು ಗಣಕಯಂತ್ರ ನಡೆಸಬಲ್ಲ ರೂಪಕ್ಕೆ ತರುವುದೇ ಕಂಪೈಲ್. 2005ರಿಂದೀಚೆಗೆ ಸಾಮಾನ್ಯ ಗಣಕಗಳಿಗೂ ಒಂದಕ್ಕಿಂತ ಹೆಚ್ಚು ಕೋರ್‌ಗಳು ಬಂದಿವೆ. ಆದರೂ ಬಹುಬಳಕೆಯ ‘ಗ್ನೂ ಮೇಕ್’ ಸಾಧನವು, ಪ್ರತ್ಯೇಕ ಸೂಚನೆ ಕೊಡದಿದ್ದರೆ, ಒಂದು ಸಲಕ್ಕೆ ಒಂದೇ ಕೆಲಸವನ್ನು ನಡೆಸುತ್ತದೆ. ಎಂಟು ಕೋರಿಗೆ ಹಣ ತೆತ್ತು ಒಂದನ್ನೇ ದುಡಿಸುವುದು ಎಂಟು ಲೇತ್ ಕೊಂಡು ಒಬ್ಬನೇ ಕಾರ್ಮಿಕನನ್ನು ನಿಲ್ಲಿಸಿದಂತೆ.

ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳಿಂದ ಹೆಸರಾದ ಹರಿಹರಕ್ಕೆ ಮುಂದಿನ ಮಾತನ್ನು ವಿವರಿಸಬೇಕಿಲ್ಲ. ಬಿಡಿಭಾಗಗಳನ್ನು ಹತ್ತು ಯಂತ್ರಗಳಲ್ಲಿ ಏಕಕಾಲಕ್ಕೆ ಕಡೆಯಬಹುದು. ಜೋಡಣೆಯ ಮೇಜು ಮಾತ್ರ ಒಂದೇ. ತಂತ್ರಾಂಶದಲ್ಲಿಯೂ ಕಡತಗಳು ಬೇರೆಬೇರೆಯಾಗಿ ಕಂಪೈಲ್ ಆಗುತ್ತವೆ, ಅವನ್ನು ಒಗ್ಗೂಡಿಸುವ ‘ಲಿಂಕ್’ ಹಂತ ಕಡೆಗೆ ಕಾಯುತ್ತದೆ. ಜೀನ್ ಆಮ್ಡಾಲ್ 1967ರಲ್ಲಿಯೇ ಈ ಮಿತಿಯನ್ನು ತೋರಿಸಿದ್ದರು. ಅರವತ್ತು ನಿಮಿಷದ ಕೆಲಸದಲ್ಲಿ ಆರು ನಿಮಿಷ ಹಂಚಲಾಗದ್ದೆಂದು ಭಾವಿಸೋಣ. ನಾಲ್ಕು ಕೋರಿನಲ್ಲಿ ಅದು ಹತ್ತೊಂಬತ್ತೂವರೆ ನಿಮಿಷಕ್ಕೆ ಇಳಿಯುತ್ತದೆ, ಎಂಟರಲ್ಲಿ ಸುಮಾರು ಹದಿಮೂರಕ್ಕೆ, ಹದಿನಾರರಲ್ಲಿ ಒಂಬತ್ತೂವರೆಗೆ. ಎಷ್ಟೇ ಕೋರ್ ಸೇರಿಸಿದರೂ ಆರಕ್ಕಿಂತ ಕೆಳಗಿಳಿಯದು. ಕಡೆಯ ಎಂಟು ಕೋರಿಗೆ ಸುರಿದ ಹಣಕ್ಕೆ ದೊರೆತದ್ದು ಮೂರು ನಿಮಿಷ ಚಿಲ್ಲರೆ.

ಮೆಮೊರಿ ಸಾಲದಿದ್ದರೆ ಆ ಲಾಭವೂ ಇಲ್ಲ. ಏಕಕಾಲದ ಕೆಲಸಗಳು ಡಿಸ್ಕಿಗೆ ಮೊರೆಹೋಗಿ ವೇಗ ಕುಸಿಯುತ್ತದೆ. ಇದಕ್ಕಿಂತಲೂ ಕೆಡುಕಿನದು ಬರೆದಿಡದ ಅವಲಂಬನೆ. ಯಾವ ಕಡತ ಯಾವುದರ ನಂತರ ಬರಬೇಕೆಂಬುದನ್ನು ನಮೂದಿಸದಿದ್ದರೂ ಒಂದೊಂದಾಗಿ ನಡೆಸಿದಾಗ ಕೆಲಸ ಸಾಗಿಬಿಡುತ್ತದೆ, ಏಕಕಾಲಕ್ಕೆ ನಡೆಸಿದಾಗ ಒಮ್ಮೆ ಸರಿಹೋಗಿ ಮತ್ತೊಮ್ಮೆ ಕೆಡುತ್ತದೆ. ಹಳೆಯ ದರ ಹೊತ್ತ ಕಡತವೊಂದು ಹೊಸ ಬಿಲ್ಲಿನೊಳಗೆ ಉಳಿದರೆ ತೆರಿಗೆ ಇಲಾಖೆಗೆ ಉತ್ತರ ಕೊಡಬೇಕಾದವನು ವರ್ತಕ, ಪ್ರೋಗ್ರಾಮರ್ ಅಲ್ಲ.

ಆದುದರಿಂದ ತಂತ್ರಾಂಶ ಬರೆಸುವ ಉದ್ಯಮಿಯು ಹೊಸ ಗಣಕಯಂತ್ರದ ಅಂದಾಜುಪಟ್ಟಿಗೆ ಸಹಿ ಹಾಕುವ ಮೊದಲು ಎರಡು ಅಳತೆಗಳನ್ನು ಕೇಳತಕ್ಕದ್ದು: ಈಗಿರುವ ಯಂತ್ರದಲ್ಲಿ ಒಂದೇ ಕೆಲಸವಾಗಿ ನಡೆಸಿದಾಗ ಹಿಡಿದ ಸಮಯ, ಎಲ್ಲ ಕೋರ್‌ಗಳನ್ನೂ ಬಳಸಿದಾಗ ಹಿಡಿದ ಸಮಯ. ಅಳೆಯಲು ಹಣವೇನೂ ಬೇಡ, ಒಂದು ಮಧ್ಯಾಹ್ನ ಸಾಕು.