ಓದುವವರಿಲ್ಲದ ಕಡತಗಳು

ಗೋಕಾಕ, ಹುಕ್ಕೇರಿ ಭಾಗಗಳು 1956ರವರೆಗೆ ಬಹುಮಟ್ಟಿಗೆ ಮುಂಬಯಿ ಆಡಳಿತದಲ್ಲಿದ್ದವು. 2018ರಲ್ಲಿ ಪ್ರತ್ಯೇಕ ತಾಲೂಕಾದ ಮೂಡಲಗಿ ಆಗ ಗೋಕಾಕಕ್ಕೇ ಸೇರಿತ್ತು. ಈ ಸೀಮೆಯ ಹಳೆಯ ದಾಖಲೆಗಳಲ್ಲಿ ಅನೇಕವು ಮೋಡಿ ಲಿಪಿಯಲ್ಲಿವೆ. ಕಾಗದ ಉಳಿದಿದೆ, ಓದಬಲ್ಲವರು ವಿರಳ.

ಗಣಕಯಂತ್ರದ ಲೋಕದಲ್ಲಿಯೂ ಇಂಥದೇ ಸಂಕಟವಿದೆ. 1959ರಲ್ಲಿ ರೂಪುಗೊಳ್ಳತೊಡಗಿದ ಕೋಬಾಲ್ ಭಾಷೆ ಬ್ಯಾಂಕು, ವಿಮೆಗಳ ಲೆಕ್ಕವನ್ನು ದಶಕಗಳಿಂದ ಹೊತ್ತಿದೆ. ಅದರ ದತ್ತಾಂಶ ಕಡತದಲ್ಲಿ ಸಾಮಾನ್ಯವಾಗಿ ಅಂಕಣದ ಗೆರೆಯಾಗಲಿ ತಲೆಬರಹವಾಗಲಿ ಇರುವುದಿಲ್ಲ. ‘0012550’ ಎಂದಿದ್ದರೆ ಅದು 12,550 ರೂಪಾಯಿಯೋ, 125 ರೂಪಾಯಿ 50 ಪೈಸೆಯೋ? ಕಡತ ಹೇಳದು, ದಶಮಾಂಶ ಬಿಂದುವನ್ನು ಅದರಲ್ಲಿ ಬರೆದೇ ಇರುವುದಿಲ್ಲ. ಹೇಳುವುದು ‘ಕಾಪಿಬುಕ್’ ಎಂಬ ಪ್ರತ್ಯೇಕ ವಿವರಣೆ. ಕೆಲವೆಡೆ ಒಂದೇ ಬೈಟ್‌ನಲ್ಲಿ ಎರಡು ಅಂಕಿಗಳನ್ನು ಅಡಕಿ, ಕೊನೆಯ ಬೈಟ್‌ನ ಉತ್ತರಾರ್ಧದಲ್ಲಿ ಧನ, ಋಣ ಚಿಹ್ನೆಯನ್ನಿಟ್ಟಿರುತ್ತಾರೆ. ಅದನ್ನು ಅಕ್ಷರವೆಂದು ಪರಿವರ್ತಿಸಿದರೆ ಲೆಕ್ಕವೇ ಕೆಟ್ಟೀತು. ಚಿಹ್ನೆ ತಪ್ಪಿದರೆ ಸಾಲವೇ ಠೇವಣಿಯಾದೀತು.

ಆದುದರಿಂದ ತಂತ್ರಾಂಶ ವೃತ್ತಿಯಲ್ಲಿರುವ ನನ್ನ ಶಿಷ್ಯರಿಗೆ ಹೇಳುವುದಿಷ್ಟೇ. ಇಂತಹ ಕಡತವನ್ನು ಓದುವ ಮಾಡ್ಯೂಲ್ ಬರೆಯುವ ಮುನ್ನ ಕಾಪಿಬುಕ್ಕನ್ನು ಹುಡುಕಿರಿ. ಮೂಲ ಕಡತವನ್ನು ತಿದ್ದದೆ ಕಾಯ್ದಿಡಿರಿ. ಬಂದ ಮೊತ್ತವನ್ನು ಹಳೆಯ ಮುದ್ರಿತ ಲೆಕ್ಕದೊಡನೆ ತಾಳೆ ನೋಡಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಕೋಬಾಲ್ ಬಲ್ಲ ಹಿರಿಯರು ನಿವೃತ್ತರಾಗುವ ಮೊದಲೇ ಅವರಿಂದ ಕೇಳಿ ಬರೆದಿಟ್ಟುಕೊಳ್ಳಿರಿ. ಹೊಸ ಯಂತ್ರವನ್ನು ಹಣ ಕೊಟ್ಟು ತರಬಹುದು. ಅಳಿದ ತಿಳಿವಳಿಕೆಯನ್ನು ತರಲಾಗದು.

ಮೋಡಿ ಬಲ್ಲವರು ಇದ್ದಾಗ ಅವರಿಂದ ಕಲಿತವರು ಕೆಲವರೇ. ಅದರ ಬೆಲೆಯನ್ನು ಇಂದು ತೆರುತ್ತಿರುವವನು, ಅಜ್ಜನ ಕಾಗದ ಹಿಡಿದು ಹೊಲದ ಹಕ್ಕು ಸಾಧಿಸಹೊರಟ ರೈತ.