ಹಿರಿಯರನ್ನು ಇಂಗ್ಲಿಷಿನಲ್ಲಿ ಹೆಸರಿಸುವ ಬಗೆ

ವಿಶ್ವಸಂಸ್ಥೆಯ ಮಹಾಸಭೆಯು 1990ನೆಯ ಇಸವಿಯ ಡಿಸೆಂಬರಿನಲ್ಲಿ, ಪ್ರತಿವರ್ಷದ ಅಕ್ಟೋಬರ್ 1ನೆಯ ತಾರೀಖು ವೃದ್ಧರಿಗೆ ಮೀಸಲಾಗತಕ್ಕುದೆಂದು ನಿರ್ಣಯಿಸಿದಾಗ, ಆ ದಿನಕ್ಕೆ ಇಟ್ಟ ಇಂಗ್ಲಿಷ್ ಹೆಸರಿನಲ್ಲಿ 'ದಿ ಎಲ್ಡರ್ಲಿ' ಎಂಬ ಮಾತು ಇದ್ದಿತು. ಐದು ವರ್ಷ ಕಳೆಯುವಷ್ಟರಲ್ಲಿ, 1995ರ ಡಿಸೆಂಬರಿನಲ್ಲಿ, ಅದೇ ಸಭೆಯು ಆ ಮಾತನ್ನು ಕೈಬಿಟ್ಟು ಇನ್ನು ಮುಂದೆ 'ಓಲ್ಡರ್ ಪರ್ಸನ್ಸ್' ಎಂಬುದನ್ನೇ ಬಳಸತಕ್ಕುದೆಂದು ಮತ್ತೊಂದು ನಿರ್ಣಯವನ್ನು ಮಾಡಿತು. ಅದೇ ವರ್ಷ ಆ ಸಂಸ್ಥೆಯ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಸಮಿತಿಯೂ, ಬಳಕೆಯಲ್ಲಿದ್ದ ಹಲವು ಹೆಸರುಗಳನ್ನು ಮುಂದಿಟ್ಟುಕೊಂಡು ನೋಡಿ, ಇದನ್ನೇ ಆರಿಸಿಕೊಂಡಿತು. ಯುದ್ಧ, ಕ್ಷಾಮ, ನಿರಾಶ್ರಿತರ ವಲಸೆ ಮೊದಲಾದ ಗುರುತರ ಕಾರ್ಯಗಳ ಭಾರವನ್ನು ಹೊತ್ತ ಸಂಸ್ಥೆಯೊಂದು ಒಂದು ಹೆಸರಿನ ವಿಷಯದಲ್ಲಿ ಇಷ್ಟು ಕಾಲವನ್ನು ವ್ಯಯಮಾಡಿದ್ದನ್ನು ಕಂಡು ಕೆಲವರಿಗೆ ನಗೆ ಬಂದೀತು. ನನ್ನ ಮಟ್ಟಿಗೆ ಹೇಳುವುದಾದರೆ, ಆ ಶ್ರಮ ಸಾರ್ಥಕವಾದದ್ದೇ. ಆದರೆ ಗೌರವವೆಂಬುದು ವಯಸ್ಸಾದವರಿಗೆ ಹೊಸ ಹೆಸರೊಂದನ್ನು ಹುಡುಕಿಕೊಟ್ಟ ಮಾತ್ರಕ್ಕೆ ಸಿದ್ಧಿಸುವ ವಸ್ತುವೆಂದು ತಿಳಿದರೆ ಮಾತ್ರ ನಾವು ದಾರಿತಪ್ಪುತ್ತೇವೆ.

ಇಂಗ್ಲಿಷ್ ಮಾತನಾಡುವ ದೇಶಗಳಲ್ಲಿ ಕಳೆದ ನೂರಕ್ಕೂ ಹೆಚ್ಚು ವರ್ಷಗಳಿಂದ ಈ ಹೆಸರುಗಳು ಬದಲಾಗುತ್ತ ಬಂದಿರುವ ಕ್ರಮವನ್ನು ನೋಡಿದರೆ ಇದು ವಿಶದವಾಗುತ್ತದೆ. ಬ್ರಿಟಿಷ್ ಪಾರ್ಲಿಮೆಂಟು 1908ರಲ್ಲಿ, ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ ಐದು ಷಿಲಿಂಗುಗಳವರೆಗೆ ವೇತನ ಕೊಡುವ ಕಾನೂನನ್ನು ಮಾಡಿದಾಗ, 'ಓಲ್ಡ್ ಏಜ್' ಎಂಬ ಮಾತನ್ನು ಯಾವ ಸಂಕೋಚವೂ ಇಲ್ಲದೆ ಅದರ ಹೆಸರಿನಲ್ಲಿಯೇ ಸೇರಿಸಿತು. ದಾನಧರ್ಮದ ಹಂಗಿಲ್ಲದೆ, ಹಕ್ಕೆಂದು ಹಣ ಕೈಗೆ ಬರುವಂತೆ ಮಾಡಿದ ಆ ಕಾನೂನಿನ ಕಾಲದಲ್ಲಿ ಪಿಂಚಣಿದಾರನೆಂಬ ಹೆಸರು ಒಂದು ಬಗೆಯ ಮರ್ಯಾದೆಯನ್ನೇ ಸೂಚಿಸಿರಬೇಕು. ಕಾಲಕ್ರಮದಲ್ಲಿ ಅದೇ ಹೆಸರು 'ಓ.ಎ.ಪಿ.' ಎಂಬ ಮೂರಕ್ಷರಗಳಿಗೆ ಕುಗ್ಗಿ, ಅರ್ಧ ಕನಿಕರವನ್ನೂ ಅರ್ಧ ಅಸಡ್ಡೆಯನ್ನೂ ಹೊತ್ತು ತಿರುಗತೊಡಗಿತು. ಅಮೆರಿಕದಲ್ಲಿ 1935ರ ಸಾಮಾಜಿಕ ಭದ್ರತೆಯ ಕಾನೂನು ಕೂಡ ವೃದ್ಧಾಪ್ಯವನ್ನು ಅದರ ನೇರವಾದ ಹೆಸರಿನಿಂದಲೇ ಕರೆಯಿತು. ಮೂರೇ ವರ್ಷಗಳ ತರುವಾಯ, 1938ರ ಸುಮಾರಿಗೆ, 'ಸೀನಿಯರ್ ಸಿಟಿಜನ್' ಎಂಬ ಹೊಸ ಬಿರುದು ಅಲ್ಲಿಯ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ನಿವೃತ್ತಿಹೊಂದಿದ ಅಧ್ಯಾಪಕಿಯಾದ ಎಥೆಲ್ ಪರ್ಸಿ ಆಂಡ್ರಸ್ ಎಂಬಾಕೆ 1958ರಲ್ಲಿ ಸ್ಥಾಪಿಸಿದ ನಿವೃತ್ತರ ಸಂಘವು ಸುಮಾರು ನಾಲ್ಕು ದಶಕಗಳ ನಂತರ 'ನಿವೃತ್ತ' ಎಂಬ ಅರ್ಥದ ಮಾತನ್ನೇ ಬಿಟ್ಟು, ಕೇವಲ 'ಎ.ಎ.ಆರ್.ಪಿ.' ಎಂಬ ಅಕ್ಷರಗಳಲ್ಲಿ ಉಳಿದುಕೊಂಡಿತು. ಬ್ರಿಟನ್ನಿನ 'ಹೆಲ್ಪ್ ದಿ ಏಜೆಡ್' ಎಂಬ ಸಂಸ್ಥೆಯು 2009ರಲ್ಲಿ 'ಏಜ್ ಕನ್ಸರ್ನ್' ಎಂಬ ಇನ್ನೊಂದರೊಡನೆ ಕೂಡಿಕೊಂಡು 'ಏಜ್ ಯು.ಕೆ.' ಎಂದಾದಾಗ, ಸಹಾಯ ಬೇಡುವ ವೃದ್ಧರ ಚಿತ್ರವನ್ನು ಎದುರಿಗೆ ತರುತ್ತಿದ್ದ ಆ ಹಳೆಯ ಹೆಸರು ಮರೆಯಾಯಿತು.

ಇಷ್ಟೆಲ್ಲ ಬದಲಾವಣೆಗಳ ಹಿಂದೆ ಇದ್ದುದು ಸದುದ್ದೇಶವೇ. ಆದರೂ ಗೌರವಕ್ಕೆಂದು ಹುಟ್ಟಿದ ಪ್ರತಿಯೊಂದು ಪದವೂ ಒಂದೆರಡು ತಲೆಮಾರುಗಳೊಳಗೆ ಮಾಸಿಹೋಗಿ, ಮತ್ತೊಂದನ್ನು ಹುಡುಕುವ ಕೆಲಸ ಪುನಃ ಮೊದಲಾಗುತ್ತದೆ. ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸಿದಂತೆ ಇದು; ಹೊಳಪು ಕೆಲವು ಕಾಲ ನಿಲ್ಲುತ್ತದೆ, ಒಳಗಿನ ಲೋಹ ಬದಲಾಗುವುದಿಲ್ಲ. ಆ ಲೋಹ ಯಾವುದೆಂಬುದನ್ನು ತೋರಿಸಿಕೊಟ್ಟವನು ರಾಬರ್ಟ್ ಬಟ್ಲರ್ ಎಂಬ ಮನೋವೈದ್ಯ. 1969ರಲ್ಲಿ, ವಾಷಿಂಗ್ಟನ್ ನಗರದ ಚೆವಿ ಚೇಸ್ ಎಂಬ ಅನುಕೂಲಸ್ಥರ ಬಡಾವಣೆಯಲ್ಲಿ ಬಡ ವೃದ್ಧರಿಗೆ ವಸತಿಯನ್ನು ಒದಗಿಸುವ ಯೋಜನೆಯೊಂದು ಹೊರಟು, ಅಲ್ಲಿಯ ನಿವಾಸಿಗಳು ಅದನ್ನು ತೀವ್ರವಾಗಿ ವಿರೋಧಿಸಿದಾಗ, ವರ್ಣದ್ವೇಷಕ್ಕೆ ಹೆಸರಿರುವಂತೆ ಈ ದ್ವೇಷಕ್ಕೂ ಒಂದು ಹೆಸರು ಬೇಕೆಂದು ಭಾವಿಸಿ 'ಏಜಿಸಮ್' ಎಂಬ ಪದವನ್ನು ಅವನು ಚಲಾವಣೆಗೆ ತಂದನು. ಮುಂದೆ ಅಮೆರಿಕದ ರಾಷ್ಟ್ರೀಯ ವಾರ್ಧಕ್ಯ ಸಂಸ್ಥೆಯ ಮೊದಲ ನಿರ್ದೇಶಕನೂ ಆದ ಆತನ ಕಾಣ್ಕೆ ಈಗ ಲೋಕಮಾನ್ಯವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ವರದಿಯು, ಜಗತ್ತಿನ ಇಬ್ಬರಲ್ಲಿ ಒಬ್ಬರು ಈ ಬಗೆಯ ತಿರಸ್ಕಾರಭಾವವನ್ನು ಹೊಂದಿದವರೆಂದು ಹೇಳುತ್ತದೆ. ಇತರ ದ್ವೇಷಗಳಲ್ಲಿ ದ್ವೇಷಿಸುವವನು ಬೇರೆ, ದ್ವೇಷಕ್ಕೆ ಗುರಿಯಾಗುವವನು ಬೇರೆ. ಇಲ್ಲಿಯಾದರೋ ಬದುಕಿ ಬಾಳುವ ಅದೃಷ್ಟ ಒಂದಿದ್ದರೆ, ಇಂದು ಮೂಗುಮುರಿಯುವವನೇ ನಾಳೆ ಅದಕ್ಕೆ ಗುರಿಯಾಗುವವನು.

ಹಾಗಾದರೆ ಪದಗಳ ಗೊಡವೆಯೇ ಬೇಡವೆ, ಮನಸ್ಸು ಶುದ್ಧವಾದರೆ ಸಾಲದೆ ಎಂದು ಕೇಳಬಹುದು. ಈ ಆಕ್ಷೇಪ ಕಿವಿಗೆ ಇಂಪಾಗಿದ್ದರೂ ನಿಲ್ಲತಕ್ಕುದಲ್ಲ. ಯೇಲ್ ವಿಶ್ವವಿದ್ಯಾಲಯದ ಬೆಕ್ಕಾ ಲೆವಿ ಎಂಬ ವಿದುಷಿ ತಮ್ಮ ಸಂಗಡಿಗರೊಡನೆ, ಒಹಾಯೊ ಸಂಸ್ಥಾನದ ಒಂದು ಊರಿನಲ್ಲಿ ಐವತ್ತು ದಾಟಿದ ಜನರಿಂದ ಹಿಂದೆ ಸಂಗ್ರಹಿಸಲಾಗಿದ್ದ ಉತ್ತರಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ತಮ್ಮ ವಾರ್ಧಕ್ಯವನ್ನು ಸದ್ಭಾವದಿಂದ ಕಂಡವರು ಹಾಗೆ ಕಾಣದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚಾಗಿ ಬದುಕಿದರೆಂದು ತಿಳಿಸಿದ್ದಾರೆ. ಒಂದರಿಂದಲೇ ಇನ್ನೊಂದು ಆಯಿತೆಂದು ಇದರಿಂದ ಸಾಧಿಸಿಬಿಡಲಾಗದು. ಆದರೆ ಬಾಲ್ಯದಿಂದ ಕಿವಿಗೆ ಬಿದ್ದ ಮಾತುಗಳೇ ಮುಂದೊಂದು ದಿನ ತನ್ನನ್ನು ಕುರಿತ ಅಭಿಪ್ರಾಯವಾಗಿ ಒಳಗೆ ನೆಲೆಯೂರುತ್ತವೆ ಎಂಬ ಸಂದೇಹಕ್ಕೆ ಇದು ಬಲವಾದ ಆಧಾರ. ಮನಸ್ಸು ಶುದ್ಧವಾಗುವವರೆಗೆ ಮಾತು ಕಾಯಬೇಕಾಗಿಲ್ಲ. ಮಾತನ್ನು ತಿದ್ದಿಕೊಳ್ಳುವ ಅಭ್ಯಾಸವೂ ಮನಸ್ಸಿನ ಸಂಸ್ಕಾರದ ಒಂದು ಅಂಗ.

ಈ ದೃಷ್ಟಿಯಿಂದ ನೋಡಿದರೆ 'ದಿ ಎಲ್ಡರ್ಲಿ' ಎಂಬುದರ ದೋಷ ಅದರ ಅರ್ಥದಲ್ಲಿರುವುದಕ್ಕಿಂತ ಹೆಚ್ಚಾಗಿ ಅದರ ವ್ಯಾಕರಣದಲ್ಲಿದೆ. ವಿಶೇಷಣಕ್ಕೆ ಆಧಾರವಾದ ಮನುಷ್ಯನನ್ನು ಕಳಚಿಹಾಕಿ, ವಿಶೇಷಣವೊಂದನ್ನೇ ಉಳಿಸಿಕೊಂಡ ಆ ಪ್ರಯೋಗವು, ಅರುವತ್ತೈದರಲ್ಲಿ ನ್ಯಾಯಾಲಯದಲ್ಲಿ ವಾದಮಾಡುತ್ತಿರುವವರನ್ನೂ ತೊಂಬತ್ತೈದರಲ್ಲಿ ಹಾಸಿಗೆ ಹಿಡಿದಿರುವವರನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ಮೂಲೆಗೆ ಇಡುತ್ತದೆ. ಅಮೆರಿಕದ ಮನಶ್ಶಾಸ್ತ್ರ ಸಂಘದ ಶೈಲಿಯ ಕೈಪಿಡಿ ಆ ಪ್ರಯೋಗವನ್ನು ಬಿಟ್ಟು 'ಓಲ್ಡರ್ ಅಡಲ್ಟ್ಸ್' ಎಂದು ಬರೆಯಲು ಹೇಳುವುದೂ, ಅಲ್ಲಿಯ ವೃದ್ಧವೈದ್ಯರ ಸಂಘದ ಪತ್ರಿಕೆಯು 2017ರಲ್ಲಿ ತನ್ನ ಲೇಖಕರಿಗೆ ಅದೇ ಬಗೆಯ ಸೂಚನೆಯನ್ನು ಕೊಟ್ಟದ್ದೂ ಈ ಕಾರಣದಿಂದಲೇ. ಆ ಕೈಪಿಡಿಯ ಇನ್ನೊಂದು ಉಪದೇಶ ನನಗೆ ಇದಕ್ಕಿಂತಲೂ ಮೇಲಾದದ್ದಾಗಿ ತೋರುತ್ತದೆ: ಎಪ್ಪತ್ತರಿಂದ ಎಂಬತ್ತರವರೆಗಿನವರ ಮಾತಾದರೆ ಹಾಗೆಂದೇ ಅಂಕೆಯಲ್ಲಿ ಬರೆಯತಕ್ಕುದು. ಅಂಕೆಯಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ.

ತೆಗಳಿಕೆಗಿಂತ ಹೊಗಳಿಕೆಯೇ ಕೆಲವೊಮ್ಮೆ ಹೆಚ್ಚು ನೋಯಿಸುತ್ತದೆಂಬುದಕ್ಕೆ ಮ್ಯಾಗಿ ಕೂನ್ ಎಂಬಾಕೆಯ ಪ್ರಸಂಗ ಪ್ರಸಿದ್ಧವಾದುದು. ಅರುವತ್ತೈದು ತುಂಬಿತೆಂಬ ಒಂದೇ ಕಾರಣದಿಂದ 1970ರಲ್ಲಿ ತಾನು ಪ್ರೀತಿಸುತ್ತಿದ್ದ ಉದ್ಯೋಗವನ್ನು ಬಿಡಬೇಕಾಗಿ ಬಂದ ಆಕೆ, ತನ್ನಂತಹವರನ್ನೇ ಕೂಡಿಸಿಕೊಂಡು, ಕಾಲಾಂತರದಲ್ಲಿ 'ಗ್ರೇ ಪ್ಯಾಂಥರ್ಸ್' ಎಂದು ಹೆಸರಾದ ಚಳವಳಿಯನ್ನು ಕಟ್ಟಿದಳು. 1974ರಲ್ಲಿ ಅಮೆರಿಕದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಪಿಂಚಣಿಯ ಮಸೂದೆಗೆ ಸಹಿಹಾಕುವ ಸಮಾರಂಭದಲ್ಲಿ, ಅರುವತ್ತೊಂಬತ್ತರ ಆ ಹೆಂಗಸನ್ನು 'ಯಂಗ್ ಲೇಡಿ' ಎಂದು ಸಂಬೋಧಿಸಿ ಅಭಿಪ್ರಾಯ ಕೇಳಲು, ತಾನು ತರುಣಿಯಲ್ಲ, ಬಹುಕಾಲ ಬದುಕಿರುವ ಮುದುಕಿ ಎಂದು ಆಕೆ ಎಲ್ಲರೆದುರಿಗೂ ಉತ್ತರಕೊಟ್ಟಳು. ಅಧ್ಯಕ್ಷನ ಮನಸ್ಸಿನಲ್ಲಿ ಕೇಡಿರಲಿಲ್ಲ. ಆದರೆ ತಾರುಣ್ಯವೇ ಮನುಷ್ಯನಿಗಿರುವ ಏಕೈಕ ಹಿರಿಮೆ, ಅದಿಲ್ಲದವರಿಗೆ ಅದನ್ನು ಸುಳ್ಳಾಗಿಯಾದರೂ ಆರೋಪಿಸುವುದೇ ಸೌಜನ್ಯ ಎಂಬ ಭಾವನೆ ಆ ಸಂಬೋಧನೆಯ ತಳದಲ್ಲಿದ್ದಿತು. ಎಂಬತ್ತು ವರ್ಷದವರನ್ನು ಎಂಬತ್ತರ ತರುಣರೆಂದು ಕರೆಯುವ ಇಂಗ್ಲಿಷ್ ಚಮತ್ಕಾರವೂ, ಅವರು 'ಸ್ಟಿಲ್' ಕಾರು ಓಡಿಸುತ್ತಾರೆ, 'ಸ್ಟಿಲ್' ಓದುತ್ತಾರೆ ಎಂದು ಆಶ್ಚರ್ಯಪಡುವ ವರದಿಗಾರಿಕೆಯೂ ಇದೇ ಜಾತಿಯವು. 'ಓಲ್ಡ್' ಎಂಬುದು ಹಳೆಯ, ಸರಳವಾದ, ನಿಜವಾದ ಮಾತು. ತನ್ನನ್ನು ತಾನು ಹಾಗೆ ಕರೆದುಕೊಳ್ಳುವವರಿಂದ ಅದನ್ನು ಕಿತ್ತುಕೊಳ್ಳುವ ಅಧಿಕಾರ ಯಾವ ಶೈಲಿಯ ಕೈಪಿಡಿಗೂ ಇಲ್ಲ.

ಬರವಣಿಗೆಗಿಂತ ಬಾಯಿಮಾತಿನಲ್ಲಿ ಈ ದೋಷ ಇನ್ನೂ ಸ್ಫುಟವಾಗುತ್ತದೆ. ಆಸ್ಪತ್ರೆಗಳಲ್ಲಿಯೂ ವೃದ್ಧರ ಶುಶ್ರೂಷಾಗೃಹಗಳಲ್ಲಿಯೂ ಪರಿಚಾರಕರು ಧ್ವನಿಯನ್ನು ಏರಿಸಿ, ಮಾತನ್ನು ತುಂಡರಿಸಿ, 'ಸ್ವೀಟಿ', 'ಡಿಯರ್' ಎನ್ನುತ್ತ, ನೀವು ಸ್ನಾನಕ್ಕೆ ಸಿದ್ಧರೆ ಎಂದು ಕೇಳುವುದರ ಬದಲು ನಾವು ಸ್ನಾನಕ್ಕೆ ಸಿದ್ಧರೆ ಎಂದು ಕೇಳುವ ರೀತಿಗೆ ಸಂಶೋಧಕರು 'ಎಲ್ಡರ್‌ಸ್ಪೀಕ್' ಎಂಬ ಹೆಸರಿಟ್ಟಿದ್ದಾರೆ. ಕ್ರಿಸ್ಟೀನ್ ವಿಲಿಯಮ್ಸ್ ಮತ್ತು ಅವರ ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನವು, ಮರೆವಿನ ಕಾಯಿಲೆಯಿಂದ ನರಳುತ್ತಿರುವವರು ಕೂಡ ಇಂತಹ ಮಾತು ಕೇಳಿದಾಗ, ವಯಸ್ಕರೊಡನೆ ಆಡುವ ಸಹಜವಾದ ಮಾತನ್ನು ಕೇಳಿದಾಗಿನದಕ್ಕಿಂತ ಹೆಚ್ಚಾಗಿ ಶುಶ್ರೂಷೆಯನ್ನು ಪ್ರತಿಭಟಿಸುತ್ತಾರೆಂದು ತೋರಿಸಿತು. ತಮ್ಮ ಮಕ್ಕಳ ಹೆಸರನ್ನೇ ಮರೆತವರಿಗೂ, ತಾವು ಮಗುವಲ್ಲವೆಂಬ ಅರಿವು ಮರೆಯಾಗಿರುವುದಿಲ್ಲವೆಂದು ಇದರಿಂದ ತಿಳಿಯಬೇಕಾಗಿದೆ. ಆ ಪರಿಚಾರಕರಾಡುವ ಒಂದೊಂದು ಪದವೂ ಕೋಶದಲ್ಲಿ ಪ್ರೀತಿಯ ಪದವೇ. ದೋಷವಿರುವುದು ಅವನ್ನು ಆಡುವ ರೀತಿಯಲ್ಲಿ; ನಿಷಿದ್ಧ ಪದಗಳ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿದ ಮಾತ್ರಕ್ಕೆ ಅದು ನಿಲ್ಲುವಂತಹುದಲ್ಲ.

ಈ ಚರ್ಚೆ ಕನ್ನಡಿಗರಿಗೆ ದೂರದ ಸಂಗತಿಯೇನೂ ಅಲ್ಲ. ನಮ್ಮ ಕಾನೂನು, ಕಚೇರಿ, ಬ್ಯಾಂಕು, ಆಸ್ಪತ್ರೆಗಳ ಇಂಗ್ಲಿಷಿನಲ್ಲಿ ನಾವೂ ದಿನವೂ ಹಿರಿಯರನ್ನು ಹೆಸರಿಸುತ್ತಿದ್ದೇವೆ. ಭಾರತ ಸರ್ಕಾರವು 1999ರಲ್ಲಿ ಹೊರಡಿಸಿದ ರಾಷ್ಟ್ರೀಯ ನೀತಿಯ ಹೆಸರಿನಲ್ಲಿ 'ಓಲ್ಡರ್ ಪರ್ಸನ್ಸ್' ಎಂದಿದ್ದರೆ, 2007ರ ಪಾಲನೆ-ಪೋಷಣೆಯ ಕಾನೂನಿನಲ್ಲಿ 'ಸೀನಿಯರ್ ಸಿಟಿಜನ್' ಎಂಬುದು ಬಂದು, ಅರುವತ್ತು ತುಂಬಿದವರು ಆ ಹೆಸರಿಗೆ ಅರ್ಹರಾಗಿದ್ದಾರೆ. ಆದಾಯ ತೆರಿಗೆಯ ಇಲಾಖೆಯಾದರೋ ಎಂಬತ್ತು ತುಂಬಿದವರಿಗೆ 'ವೆರಿ ಸೀನಿಯರ್' ಎಂಬ ಬಡ್ತಿಯನ್ನು ಕೊಟ್ಟಿದೆ. ತೆರಿಗೆಯ ವಿನಾಯಿತಿಗೆ, ಪಿಂಚಣಿಗೆ ಇಂತಹ ಗೆರೆಗಳು ಬೇಕೇಬೇಕು. ಅಲ್ಲಿ ಆ ಹೆಸರು ಒಂದು ಹಕ್ಕಿನ ಗುರುತು. ಆ ಗೆರೆಯನ್ನು ಸುದ್ದಿಯ ಅಂಕಣಕ್ಕೂ ಎಳೆದು ತಂದು, ರಸ್ತೆ ದಾಟುವಾಗ ಪೆಟ್ಟುತಿಂದ ಅರುವತ್ತೆರಡರ ಹೂವಾಡಗಿತ್ತಿಯನ್ನು 'ಎಲ್ಡರ್ಲಿ ವುಮನ್' ಎಂದಷ್ಟೇ ಬರೆದು, ಅವಳ ಕಸುಬನ್ನು ಕೈಬಿಡುವುದು ಮಾತ್ರ ಅನಾವಶ್ಯಕ.

ನಮಗೆ ಇಲ್ಲಿ ಇನ್ನೊಂದು ತೊಡಕೂ ಉಂಟು. ಕನ್ನಡದಲ್ಲಿ ಗೌರವವು ಸರ್ವನಾಮದಲ್ಲಿಯೂ ಕ್ರಿಯಾಪದದಲ್ಲಿಯೂ ತಾನಾಗಿ ಬಂದು ಕೂಡುತ್ತದೆ. ಬಂದರು, ಕುಳಿತರು, ಹೇಳಿದರು ಎನ್ನುವಾಗಲೇ ಹಿರಿಯರಿಗೆ ಸಲ್ಲಬೇಕಾದ ಮರ್ಯಾದೆ ಸಂದಿರುತ್ತದೆ. ಪ್ರತ್ಯೇಕವಾಗಿ ಒಂದು ಬಿರುದನ್ನು ಹುಡುಕಬೇಕಾದ ಅಗತ್ಯ ಬೀಳುವುದಿಲ್ಲ. ಇಂಗ್ಲಿಷಿನಲ್ಲಿ ಮಗುವಿಗೂ ಮುತ್ತಜ್ಜನಿಗೂ ಒಂದೇ 'ಯೂ', ಒಂದೇ ಕ್ರಿಯಾಪದ. ಆ ಬರಿದನ್ನು ತುಂಬಲೆಂದು ನಾವು ಕಂಡವರನ್ನೆಲ್ಲ 'ಅಂಕಲ್', 'ಆಂಟಿ' ಎನ್ನುತ್ತೇವೆ. ಅದರಲ್ಲಿ ನೆಂಟಸ್ತಿಕೆಯ ಬೆಚ್ಚನೆಯ ಭಾವವಿರುವುದು ನಿಜವಾದರೂ, ಕಚೇರಿಯಲ್ಲಿ ಅಧಿಕಾರಿಯಾಗಿಯೋ ಆಸ್ಪತ್ರೆಯಲ್ಲಿ ವೈದ್ಯೆಯಾಗಿಯೋ ಕೆಲಸಮಾಡುತ್ತಿರುವವರಿಗೆ ಅದು ಯಾರೂ ಕೇಳದೆ ಹೊರಿಸಿದ ವಯಸ್ಸಾಗಿಯೂ ತೋರಬಹುದು. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ನಮ್ಮ ಹಿರಿಯರಿಗೆ ಇದರ ವಿಪರೀತವಾದ ಅನುಭವ: ಮೊಮ್ಮಗಳ ವಯಸ್ಸಿನ ದಾದಿ ನೇರವಾಗಿ ಹೆಸರು ಹಿಡಿದು ಕೂಗಿದಾಗ ಅವರಿಗೆ ಆಗುವ ಸಂಕೋಚ ಅಲ್ಪವಲ್ಲ. ಅಲ್ಲಿಯ ಜನರಿಗೆ ಅದು ಸಮಾನತೆಯ, ಸಲಿಗೆಯ ಗುರುತು. ಅದರಲ್ಲಿ ಅವಮಾನವನ್ನು ಅರಸುವುದು ನ್ಯಾಯವಲ್ಲ. ಆದರೆ ತಮ್ಮನ್ನು ಹೇಗೆ ಕರೆಯಬೇಕೆಂಬುದನ್ನು ಆ ಹಿರಿಯರನ್ನೇ ಮೊದಲಿಗೆ ಕೇಳಿದ್ದರೆ, ಎರಡು ದೇಶಗಳ ಆಚಾರಗಳೂ ಒಂದೇ ಪ್ರಶ್ನೆಯಲ್ಲಿ ಸಂಧಿಸುತ್ತಿದ್ದವು.

ಆದಕಾರಣ, ಇಂಗ್ಲಿಷಿನಲ್ಲಿ ಬರೆಯುವ ಮತ್ತು ವ್ಯವಹರಿಸುವ ನಮ್ಮವರು ಪಾಲಿಸಬಹುದಾದ ವಿಧಿ ಬಹು ಸರಳವಾದದ್ದು. ಹಕ್ಕನ್ನು ಸೂಚಿಸಬೇಕಾದ ಕಡೆ ಕಾನೂನಿನ ಹೆಸರನ್ನೇ ಬಳಸಲಿ. ಸಮುದಾಯವನ್ನು ಕುರಿತು ಹೇಳಬೇಕಾದಾಗ 'ಓಲ್ಡರ್ ಪೀಪಲ್' ಎಂದು, ಮನುಷ್ಯರು ಮರೆಯಾಗದಂತೆ ಹೇಳಲಿ. ಒಬ್ಬ ವ್ಯಕ್ತಿಯ ವಿಷಯವಾದರೆ ಹೆಸರನ್ನೂ ಕಸುಬನ್ನೂ ಕೊಟ್ಟು, ವಯಸ್ಸು ಪ್ರಸ್ತುತವಾಗಿದ್ದಲ್ಲಿ ಅಂಕೆಯಲ್ಲಿ ನಮೂದಿಸಿ, ಪ್ರಸ್ತುತವಲ್ಲದಿದ್ದಲ್ಲಿ ಬಿಟ್ಟುಬಿಡಲಿ. ಎದುರಿಗಿರುವವರನ್ನು ಅವರು ಬಯಸಿದಂತೆ ಕರೆಯಲಿ. ನಾಳೆ 'ಓಲ್ಡರ್' ಎಂಬುದೂ ಮಾಸಿ ಇನ್ನೊಂದು ಪದ ಬಂದೀತು. ಆಗ ಅದನ್ನು ಕಲಿಯುವುದು ಕಷ್ಟವಲ್ಲ. ಆದರೆ ಹಿರಿಯರನ್ನು ಕುರಿತ ವಾಕ್ಯದಲ್ಲಿ ಅವರನ್ನು ಕೇವಲ ಕರುಣೆಗೆ ಪಾತ್ರರಾದವರನ್ನಾಗಿ ಮಾಡದೆ, ಏನನ್ನಾದರೂ ಮಾಡುವ, ಬಯಸುವ, ನಿರಾಕರಿಸುವ ಕರ್ತೃಗಳನ್ನಾಗಿ ನಿಲ್ಲಿಸುವುದನ್ನು ನಾವು ಕಲಿಯದೆ ಹೋದರೆ, ಮುಂದಿನ ಯಾವ ಪದವೂ ಹಿಂದಿನದಕ್ಕಿಂತ ಹೆಚ್ಚು ಕಾಲ ಬಾಳುವುದಿಲ್ಲ.