ಬಚ್ಚಲ ಬಾಗಿಲು ಎಷ್ಟು ಇಂಚು?

ನರಕ ಚತುರ್ದಶಿಯ ಬೆಳಗಿನ ಜಾವ ನಮ್ಮಮ್ಮ ಬಚ್ಚಲಲ್ಲಿ ಬಿದ್ದಳು. ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆ ತಿಕ್ಕಿ, ಅರಿಶಿನ ಕುಂಕುಮ ಇಟ್ಟು, ಅದರ ಕೊರಳಿಗೆ ಹಾಗಲಬಳ್ಳಿ ಸುತ್ತಿದ್ದು ಅವಳೇ. ವಯಸ್ಸು ಎಂಬತ್ತೊಂದಾದರೂ ಹಂಡೆಯ ಕೆಲಸವನ್ನು ಬೇರೆಯವರ ಕೈಗೆ ಕೊಡುವವಳಲ್ಲ. ಮೈಗೆಲ್ಲ ಎಣ್ಣೆ, ಕಾಲಡಿಯಲ್ಲಿ ಸೀಗೆಪುಡಿಯ ಲೋಳೆ, ಅದರ ಕೆಳಗೆ ಕನ್ನಡಿಯ ಹಾಗೆ ಹೊಳೆಯುವ ಟೈಲ್ಸ್. ಆ ಟೈಲ್ಸ್ ಆರಿಸಿದವಳು ನಾನು. ಬೀಳುವಾಗ ಟವೆಲ್ ಹಾಕುವ ಕಂಬಿ ಹಿಡಿದಳು. ಕಂಬಿ ಸ್ಕ್ರೂ, ಪ್ಲಾಸ್ಟಿಕ್ ಗಿಟ್ಟಿ ಸಮೇತ ಕಿತ್ತು ಕೈಗೆ ಬಂತು. ಸೊಂಟದ ಕೀಲು ಮುರಿದಿತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಹನ್ನೆರಡನೆಯ ದಿನ ವಾಕರ್ ಹಿಡಿದುಕೊಂಡು ಬಂಗಾರಪೇಟೆಯ ಮನೆಗೆ ಬಂದಳು. ಕುಕ್ಕರಗಾಲಲ್ಲಿ ಕೂರಬಾರದು, ಮೊಣಕಾಲಿಗಿಂತ ತಗ್ಗಾದ ಯಾವುದರ ಮೇಲೂ ಕೂರಬಾರದು ಅಂತ ಡಾಕ್ಟರು ಹೇಳಿ ಕಳಿಸಿದ್ದರು. ನಾವೂ ಹೂಂಗುಟ್ಟಿ ಬಂದಿದ್ದೆವು. ಬಚ್ಚಲ ಮುಂದೆ ಬಂದು ನಿಂತರೆ ವಾಕರ್ ಒಳಗೆ ಹೋಗುತ್ತಿಲ್ಲ. ಟೇಪು ತಂದು ಅಳೆದೆ. ವಾಕರ್ 23 ಇಂಚು, ಬಾಗಿಲ ಚೌಕಟ್ಟಿನ ಒಳಗಡೆ 22. ಪಕ್ಕದ ಕಕ್ಕಸಿನ ಬಾಗಿಲೂ ಅಷ್ಟೇ, ಜೊತೆಗೆ ಒಂದು ಮೆಟ್ಟಿಲು ಬೇರೆ. ಮೆಟ್ಟಿಲ ಮೇಲೆ ಇಂಡಿಯನ್ ಗುಂಡಿ.

ಅಮ್ಮನನ್ನು ನಾನು, ನನ್ನ ತಮ್ಮನ ಹೆಂಡತಿ ಇಬ್ಬರೂ ಹಿಡಿದು ಅಡ್ಡಡ್ಡ ನಡೆಸಿ ಒಳಗೆ ಕರೆದೊಯ್ಯುತ್ತಿದ್ದೆವು. ಬಾಗಿಲು ಹಾಕಲು ಆಗುತ್ತಿರಲಿಲ್ಲ. ಒಂದು ದಿನ ಅವಳು, ‘ನೀರು ಹಾಕ್ಕೊಳ್ಳೋದೇ ಬೇಡ ಬಿಡೇ, ಒದ್ದೆ ಬಟ್ಟೇಲಿ ಒರೆಸಿಬಿಡು’ ಅಂದಳು. ಬಚ್ಚಲು ಒಡೆಸಬೇಕು ಅಂತ ನಾನು ತೀರ್ಮಾನ ಮಾಡಿದ್ದು ಅವತ್ತು.

ಇಪ್ಪತ್ತೇಳು ವರ್ಷ ನಾನು ಇಲ್ಲಿಂದ ಬೆಂಗಳೂರಿಗೆ ರೈಲಲ್ಲಿ ಓಡಾಡಿ ಕೆಲಸ ಮಾಡಿದವಳು. ಮಾರಿಕುಪ್ಪದಿಂದ ಬರುವ ಗಾಡಿ, ನಿಂತೇ ಪ್ರಯಾಣ. ಆ ರೈಲಿನ ಕಕ್ಕಸು ಎಷ್ಟು ಚಿಕ್ಕದು, ಎಷ್ಟು ಗಲೀಜು ಅಂತ ಬೈಯದ ದಿನವಿಲ್ಲ. ಆದರೆ ಒಂದನ್ನು ಅಷ್ಟು ವರ್ಷವೂ ಗಮನಿಸಿರಲಿಲ್ಲ: ಅದರೊಳಗೆ ಹಿಡಿದುಕೊಳ್ಳಲು ಗಟ್ಟಿಯಾದೊಂದು ಕಂಬಿ ಇರುತ್ತದೆ. ಗಾಡಿ ಅಲ್ಲಾಡುತ್ತದೆ, ಒಳಗಿರುವವರು ಬೀಳಬಹುದು ಅಂತ ಯಾರೋ ಯೋಚಿಸಿ ಹಾಕಿದ್ದಾರೆ. ಮನೆ ಅಲ್ಲಾಡುವುದಿಲ್ಲ ನಿಜ, ಮನೆಯವರ ಕಾಲು ಅಲ್ಲಾಡುತ್ತದಲ್ಲ? ಚಿನ್ನದ ಗಣಿಯಲ್ಲಿ ಇಳಿದು ದುಡಿದಿದ್ದ ನಮ್ಮ ಚಿಕ್ಕಪ್ಪನೂ ಕೊನೆಗಾಲದಲ್ಲಿ ಇದೇ ಮಾತು ಹೇಳುತ್ತಿದ್ದರು: ‘ಕೇಜಿನಲ್ಲಿ ಕೆಳಗೆ ಇಳೀವಾಗ ಹಿಡ್ಕೊಳ್ಳೋಕೆ ಕಂಬಿ ಇತ್ತು ಕಣಮ್ಮ, ಕಕ್ಕಸಿಗೆ ಹೋಗೋಕೆ ಇಲ್ಲ.’

ಚಿಕ್ಕಪ್ಪ ಇದ್ದದ್ದು ಚಾಂಪಿಯನ್ ರೀಫ್ಸ್‌ನ ಲೈನ್ ಮನೆಯಲ್ಲಿ. ಒಂದು ಕೋಣೆ, ಮುಂದೆ ಒಂದಿಷ್ಟು ಜಗುಲಿ. ಬಚ್ಚಲು ಅಂದರೆ ಬಾಗಿಲ ಪಕ್ಕ ತಗಡು ಮರೆಮಾಡಿದ ಜಾಗ. ಕಕ್ಕಸು ಲೈನಿನ ಕೊನೆಗೆ, ಎಲ್ಲರಿಗೂ ಸೇರಿ. ಕೆಜಿಎಫ್‌ನ ಒಣ ಕಕ್ಕಸುಗಳ ಕಥೆ ಗೊತ್ತಿರುವವರಿಗೆ ಗೊತ್ತು. ಅವನ್ನು ಕೈಯಿಂದ ಬಳಿಯುತ್ತಿದ್ದ ಕುಟುಂಬದಲ್ಲಿ ಇಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್ ಆ ಕೆಲಸದ ವಿರುದ್ಧ ಹೋರಾಟ ಶುರುಮಾಡಿದ್ದೂ ಇಲ್ಲಿಂದಲೇ. ಒಣ ಕಕ್ಕಸು ನಿಷೇಧಿಸುವ ಕಾನೂನು 1993ರಲ್ಲಿ ಬಂತು, ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ 2016ರಲ್ಲಿ. ಕಕ್ಕಸು ಕಟ್ಟಿದವರು ಅದನ್ನು ಬಳಸುವವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಬಳಿಯುವವರನ್ನೂ ತೆಗೆದುಕೊಳ್ಳಲಿಲ್ಲ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಲೈನ್ ಮನೆಯವರು ಕೈಗೆ ಸಿಕ್ಕಷ್ಟು ಜಾಗದಲ್ಲಿ, ಸಿಕ್ಕಷ್ಟು ದುಡ್ಡಲ್ಲಿ, ಮೂರಡಿಗೆ ಮೂರಡಿ ಗೂಡು ಕಟ್ಟಿಕೊಂಡರು. ಅವರನ್ನು ದೂರುವ ಬಾಯಿ ನನಗಿಲ್ಲ. ನನ್ನ ಜಗಳ ನನ್ನಂಥವರ ಜೊತೆ: ಸಂಬಳ, ಸೈಟು, ಬ್ಯಾಂಕಿನ ಸಾಲ ಎಲ್ಲ ಇದ್ದೂ 22 ಇಂಚಿನ ಬಾಗಿಲು ಇಡಿಸಿದವರು.

‘ಜಾಗ ಎಲ್ಲಿದೆ?’ ಅಂತ ಕೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅಳೆದ ಮೇಲೆ ಗೊತ್ತಾಯಿತು. ನಮ್ಮ ಬಚ್ಚಲು ನಾಲ್ಕೂವರೆ ಅಡಿ ಚೌಕ. ಕಕ್ಕಸು ಅದೇ ಅಗಲಕ್ಕೆ ಮೂರಡಿ. ನಡುವೆ ಅರ್ಧ ಇಟ್ಟಿಗೆಯ ಗೋಡೆ, ಗಾರೆ ಸೇರಿ ಐದು ಇಂಚು. ಎರಡು ಬಾಗಿಲು, ಎರಡೂ ಒಳಕ್ಕೆ ತೆರೆದುಕೊಳ್ಳುವಂಥವು, ಅಂದರೆ ಬಾಗಿಲು ಓಡಾಡಲು ಬಿಟ್ಟ ಜಾಗದಲ್ಲಿ ಮನುಷ್ಯ ನಿಲ್ಲುವಂತಿಲ್ಲ. ಇನ್ನು ಉಳಿದದ್ದರಲ್ಲಿ ಮೂರನೇ ಒಂದು ಪಾಲು ನೀರಿನ ಡ್ರಮ್ಮು. ಇದು ನಮ್ಮ ಜಿಲ್ಲೆಯ ಕಾಯಿಲೆ. ವರ್ಷವಿಡೀ ಹರಿಯುವ ನದಿ ಇಲ್ಲ, ಬೋರು ಸಾವಿರ ಅಡಿ ದಾಟಿದೆ, ನಲ್ಲಿ ನೀರು ಬಂದ ದಿನ ಬಂತು. ಹಾಗಾಗಿ ಕೋಲಾರ ಕಡೆಯ ಬಚ್ಚಲು ಅಂದರೆ ಅರ್ಧ ಬಚ್ಚಲು, ಅರ್ಧ ಉಗ್ರಾಣ. ಯರಗೋಳ್ ಅಣೆಕಟ್ಟಿನ ನೀರು ಬಂದರೂ ಡ್ರಮ್ಮು ಜಾಗ ಬಿಟ್ಟು ಕದಲಿಲ್ಲ, ಭಯ ಹೋಗಬೇಕಲ್ಲ.

ಗೋಡೆ, ಎರಡನೇ ಬಾಗಿಲು, ಡ್ರಮ್ಮು, ಮೆಟ್ಟಿಲು ಈ ನಾಲ್ಕನ್ನೂ ತೆಗೆದರೆ ನಾಲ್ಕೂವರೆ ಅಡಿ ಅಗಲ, ಸುಮಾರು ಎಂಟಡಿ ಉದ್ದದ ಕೋಣೆ ಸಿಗುತ್ತದೆ. ಮನೆ ಒಂದಿಂಚೂ ಬೆಳೆಯಬೇಕಿಲ್ಲ. ಬಚ್ಚಲು ವಿಶಾಲವಾಗಿ ಕಾಣಬೇಕು ಅಂತ ದೊಡ್ಡ ಕನ್ನಡಿ, ಗಾಜಿನ ಪಾರ್ಟಿಷನ್ನು, ಮೇಲೆ ಬಣ್ಣದ ದೀಪ ಅಂತ ಜನ ದುಡ್ಡು ಸುರಿಯುತ್ತಾರೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ ಫೋನಿನಲ್ಲಿ ಅಂಥ ಮೂವತ್ತು ಫೋಟೊ ಕಳಿಸಿದ. ನನ್ನ ಅನುಭವದಲ್ಲಿ ಮುದುಕಿಯೊಬ್ಬಳು ವಾಕರ್ ಹಿಡಿದು ತಿರುಗಲು ಆಗುವ ಬಚ್ಚಲೇ ಕಣ್ಣಿಗೂ ವಿಶಾಲ. ಎರಡೂ ಒಂದೇ ಕೆಲಸ, ಖರ್ಚೂ ಒಂದೇ.

ಮೊದಲು ಅಡ್ಡ ಬಂದವಳು ಅಮ್ಮನೇ. ‘ಹಂಡೆ ಪೂಜೆ ಮಾಡೋ ಜಾಗದಲ್ಲಿ ಕಮೋಡ್ ಇಡ್ತೀಯಾ? ಸ್ನಾನ ಮಾಡಿ ಮಡೀಲಿ ಬರೋದು ಹೇಗೆ?’ ಇದನ್ನು ನಗಾಡಿ ತಳ್ಳಿಹಾಕುವುದು ಸುಲಭ. ನನಗೆ ಆಗಲಿಲ್ಲ. ಅರವತ್ತು ವರ್ಷ ಅವಳ ಬೆಳಗು ಆ ಹಂಡೆಯ ಒಲೆಯ ಮುಂದೆ ಶುರುವಾಗಿದೆ. ನಾಲ್ಕು ದಿನ ಮಾತೇ ಆಡಲಿಲ್ಲ. ಐದನೇ ದಿನ ಅವಳೇ ದಾರಿ ಹೇಳಿದಳು: ಹಂಡೆ ಹಿತ್ತಲಿಗೆ ಹೋಗಲಿ, ತುಳಸಿ ಕಟ್ಟೆಯ ಪಕ್ಕ ಹಬ್ಬಕ್ಕೆ ನೀರು ತುಂಬುತ್ತೇನೆ. ಆದರೆ ಒಳಗೆ ಸ್ನಾನದ ಕಡೆ ಒಂದು ಬಣ್ಣದ ನೆಲ, ಕಮೋಡ್ ಕಡೆ ಬೇರೆ ಬಣ್ಣದ ನೆಲ ಇರಬೇಕು. ಗೆರೆ ಕಾಣಬೇಕು. ಆಗಲಿ ಅಂದೆ. ಆಮೇಲೆ ಕೇಂದ್ರ ಸರ್ಕಾರದ 2021ರ ಸುಗಮ್ಯತೆಯ ಮಾರ್ಗಸೂಚಿ ಓದುವಾಗ ನಗು ಬಂತು. ಕಣ್ಣು ಮಂದವಾದವರಿಗೆ ಅಂಚು ತಿಳಿಯುವಂತೆ ಬಣ್ಣದ ವ್ಯತ್ಯಾಸ ಇರಲಿ ಅಂತ ಅದೂ ಹೇಳುತ್ತದೆ. ಅಮ್ಮ ಮಡಿಯಿಂದ ಅಲ್ಲಿಗೆ ತಲುಪಿದ್ದಳು.

ಎರಡನೇ ಅಡ್ಡಿ ಗಾರೆ ಮೇಸ್ತ್ರಿಯದು. ಆಂಡರ್ಸನ್‌ಪೇಟೆಯವನು, ಮನೆಮಾತು ತಮಿಳು, ಕೆಲಸ ಅಚ್ಚುಕಟ್ಟು. ಗೋಡೆಗೆ ಸುತ್ತಿಗೆ ಇಡುವ ಮೊದಲು ಮೇಲೆ ಹತ್ತಿ ನೋಡಿ ಇಳಿದು ಬಂದ. ‘ಅಕ್ಕಾ, ಮೇಲೆ ಟ್ಯಾಂಕ್ ಕೂತಿದೆ. ಐನೂರು ಲೀಟರ್ ಅಂದ್ರೆ ಐನೂರು ಕೆಜಿ.’ ನಾನು ಯೋಚಿಸಿಯೇ ಇರಲಿಲ್ಲ. ಟ್ಯಾಂಕನ್ನು ಒಂಬತ್ತು ಇಂಚಿನ ಹೊರಗೋಡೆಯ ಮೇಲಕ್ಕೆ ಸರಿಸಿ, ಒಡೆಯುವ ಗೋಡೆ ಚಾವಣಿಯ ಭಾರ ಹೊತ್ತಿಲ್ಲ ಅಂತ ಒಬ್ಬ ಇಂಜಿನಿಯರಿಂದ ಖಾತ್ರಿ ಮಾಡಿಸಿಕೊಂಡ ಮೇಲೆಯೇ ಕೆಲಸ ಶುರುವಾದದ್ದು. ಈ ಮಾತು ಓದಿ ನಾಳೆಯೇ ಗೋಡೆ ಒಡೆಯಲು ಹೊರಡುವವರು ದಯವಿಟ್ಟು ತಲೆ ಎತ್ತಿ ಒಮ್ಮೆ ಮೇಲೆ ನೋಡಿ.

ಕೆಲಸ ನಡೆದ ಹತ್ತೊಂಬತ್ತು ದಿನ ಅಮ್ಮ ಚಾಂಪಿಯನ್ ರೀಫ್ಸ್‌ನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ಅಲ್ಲಿಯದೂ ಮೂರಡಿಯ ಗೂಡೇ. ಚಿಕ್ಕಮ್ಮನ ಮಗ ಪ್ಲಾಸ್ಟಿಕ್ ಕುರ್ಚಿಯ ನಡುವೆ ಗರಗಸದಲ್ಲಿ ದುಂಡಗೆ ಕೊರೆದು, ಅಂಚನ್ನು ಕಾಯಿಸಿ ನಯಮಾಡಿ, ಗುಂಡಿಯ ಮೇಲೆ ಇಟ್ಟ. ಕೈಯಿರುವ ಕುರ್ಚಿ, ಹಿಡಿದು ಏಳಬಹುದು. ಮುನ್ನೂರು ಚಿಲ್ಲರೆ ರೂಪಾಯಿಯ ಕುರ್ಚಿ. ಅಮ್ಮ ವಾಪಸ್ ಬಂದ ಮೇಲೂ ಅದು ಅಲ್ಲಿಯೇ ಇದೆ. ಈಗ ಲೈನಿನಲ್ಲಿ ಇನ್ನೂ ಇಬ್ಬರು ಅಂಥದ್ದೇ ಮಾಡಿಸಿಕೊಂಡಿದ್ದಾರಂತೆ. ಅವರಲ್ಲಿ ಒಬ್ಬರಿಗೆ ಗಣಿಯ ದೂಳಿನ ಎದೆ. ಗುಂಡಿಯಿಂದ ಎದ್ದು ನಿಂತರೆ ಐದು ನಿಮಿಷ ಉಸಿರು ಸಿಗುವುದಿಲ್ಲ.

ಇನ್ನು ನಮ್ಮ ಬಚ್ಚಲಲ್ಲಿ ಏನೇನಾಯಿತು ಅನ್ನುವುದು. ಒಂದೇ ಬಾಗಿಲು, 34 ಇಂಚು, ಹೊರಕ್ಕೆ ತೆರೆಯುತ್ತದೆ. ಒಳಗೆ ಯಾರಾದರೂ ಬಿದ್ದರೆ ಬಾಗಿಲಿಗೆ ಅಡ್ಡ ಬಿದ್ದಿರುತ್ತಾರೆ, ಒಳಕ್ಕೆ ತಳ್ಳಲು ಆಗುವುದಿಲ್ಲ ಅನ್ನುವುದು ಎಷ್ಟು ಜನಕ್ಕೆ ಹೊಳೆದಿದೆ? ಹೊಸ್ತಿಲು ಇಲ್ಲ. ‘ನೀರು ಹಾಲ್‌ಗೆ ಬರತ್ತೆ ಅಕ್ಕಾ’ ಅಂತ ಮೇಸ್ತ್ರಿ ರಾಗ ಎಳೆದ. ನಾಲ್ಕಡಿಗೆ ಅರ್ಧ ಇಂಚು ಮಿಕ್ಕಿದಷ್ಟು ವಾಟ ಬಾಗಿಲಿನಿಂದ ಹಿಂದಕ್ಕೆ ಕೊಟ್ಟು, ಜಾಲರಿಯನ್ನು ಆ ಕೊನೆಯ ಮೂಲೆಗೆ ಇಟ್ಟ. ಇವತ್ತಿನವರೆಗೆ ಒಂದು ಹನಿ ಹೊರಗೆ ಬಂದಿಲ್ಲ. ಕಮೋಡ್ ಅಂಗಡಿಯಲ್ಲಿ ಸಿಕ್ಕಿದ್ದು ಹದಿನಾರು ಇಂಚು ಎತ್ತರದ್ದು, ಕೆಳಗೆ ಎರಡು ಇಂಚು ಕಾಂಕ್ರೀಟ್ ಹಾಕಿ ಎತ್ತರಿಸಿದೆವು. ಹಿಡಿಕೆಗಳನ್ನು ಟೈಲ್ಸ್ ಹಾಕುವ ಮುನ್ನವೇ ಜಾಗ ಗುರುತಿಸಿ, ಗಟ್ಟಿ ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ. ಆಮೇಲೆ ಎಂಬತ್ತು ಕೆಜಿಯ ಆ ಮೇಸ್ತ್ರಿ ಎರಡೂ ಕಾಲು ಮಡಚಿ ಅದಕ್ಕೆ ಜೋತುಬಿದ್ದು, ‘ಪಾಟಿ, ನೋಡ್ಕೋ’ ಅಂತ ಅಮ್ಮನಿಗೆ ತೋರಿಸಿದ. ಟವೆಲ್ ಕಂಬಿ ಈಗ ಬಾಗಿಲ ಹಿಂದೆ, ಕೈಗೆ ಸಿಗದ ಎತ್ತರದಲ್ಲಿದೆ.

ಬಕೆಟ್ ನೆಲದ ಮೇಲಿಲ್ಲ, ಹದಿನೆಂಟು ಇಂಚಿನ ಕಡಪಾ ಕಲ್ಲಿನ ಕಟ್ಟೆಯ ಮೇಲಿದೆ. ಶವರ್ ಅಮ್ಮನಿಗೆ ಒಗ್ಗುವುದಿಲ್ಲ, ಚಂಬಿನಿಂದ ಸುರಿದುಕೊಂಡರೇ ಸ್ನಾನ. ಗೀಸರ್ ಸ್ವಿಚ್ಚು ಹೊರಗಡೆ. ಬಿದ್ದರೂ ಕೈಗೆ ಎಟುಕಲಿ ಅಂತ ನೆಲದಿಂದ ಒಂದಡಿ ಮೇಲೆ ಕಾಲಿಂಗ್ ಬೆಲ್. ಚಿಲಕವನ್ನು ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿ ತೆಗೆಯಬಹುದು. ಹಾಗಾಗಿ ಅಮ್ಮ ಈಗ ಒಳಗಿನಿಂದ ಚಿಲಕ ಹಾಕಿಕೊಂಡೇ ಸ್ನಾನ ಮಾಡುತ್ತಾಳೆ. ಟೈಲ್ಸ್ ಅಂಗಡಿಯವರು ಮಾತ್ರ ಕೊನೆಯವರೆಗೂ ಸೋಲಲಿಲ್ಲ. ‘ಮ್ಯಾಟ್ ಹಾಕಿದ್ರೆ ಕೊಳೆ ಕೂರತ್ತೆ ಮೇಡಂ, ಗ್ಲಾಸಿ ತಗೊಳ್ಳಿ.’ ಕೂರಲಿ, ಉಜ್ಜಿದರಾಯಿತು. ನಮ್ಮ ಬೋರಿನ ಗಡಸು ನೀರಿಗೆ ಕೊಳೆಗಿಂತ ಉಪ್ಪಿನ ಬಿಳಿ ಕಲೆಯೇ ದೊಡ್ಡ ತಲೆನೋವು. ಅದು ಕಾಣದಿರಲಿ ಅಂತ ಗೋಡೆಗೆ ತೆಳು ಬಣ್ಣ ಹಾಕಿಸಿದ್ದು, ಅದರಿಂದಲೇ ಬೆಳಕೂ ಹೆಚ್ಚಾಯಿತು.

ಎಲ್ಲ ಸೇರಿ 1,42,000 ರೂಪಾಯಿ. ಅದರಲ್ಲಿ ಮೂರು ಹಿಡಿಕೆಗೆ ಹೋದದ್ದು 5,400. ಸೋತದ್ದೂ ಇದೆ. ಗಾಲಿಕುರ್ಚಿ ಪೂರ್ತಿ ತಿರುಗಬೇಕಾದರೆ ಐದಡಿ ವ್ಯಾಸದ ಖಾಲಿ ಜಾಗ ಬೇಕು. ನಮ್ಮದು ನಾಲ್ಕೂವರೆ ಅಡಿ ಅಗಲದ ಬಚ್ಚಲು. ನಾಳೆ ಅಮ್ಮ ಗಾಲಿಕುರ್ಚಿಗೆ ಬಂದರೆ ಮುಂದಕ್ಕೆ ಹೋಗಿ ಹಿಂದಕ್ಕೇ ಬರಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಬಳಸುವಂತಿರಬೇಕು ಅನ್ನುತ್ತದೆ, ಹಳೆಯ ಕಟ್ಟಡಗಳಿಗೆ ಐದು ವರ್ಷದ ಗಡುವನ್ನೂ ಕೊಟ್ಟಿತ್ತು. ಸ್ವಂತ ಮನೆಯ ಬಚ್ಚಲನ್ನು ಯಾರೂ ಬಂದು ಅಳೆಯುವುದಿಲ್ಲ. ಸ್ವಚ್ಛ ಭಾರತದಲ್ಲಿ ಹಳ್ಳಿ ಮನೆಗೆ ಕಕ್ಕಸು ಕಟ್ಟಲು 12,000 ಸಿಕ್ಕಾಗಲೂ ಗುಂಡಿ, ಗೋಡೆ, ಬಾಗಿಲು ಇದೆಯಾ ಅಂತಷ್ಟೇ ನೋಡಿದ್ದು. ಬಾಗಿಲ ಮುಂದೆ ಎಷ್ಟು ಮೆಟ್ಟಿಲು ಅಂತ ಯಾರು ಕೇಳಿದರು? ಫ್ಲೋರೈಡ್ ನೀರು ಕುಡಿದು ಬೆನ್ನು, ಮೊಣಕಾಲು ಸೆಟೆದುಕೊಂಡವರು ಇರುವ ಜಿಲ್ಲೆ ಇದು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಕುಕ್ಕರಗಾಲಲ್ಲಿ ಕೂರು ಅನ್ನುವುದು ಶಿಕ್ಷೆ. ನಮ್ಮಲ್ಲಿ ಇದು ಎಂಬತ್ತಕ್ಕೆ ಬರುವ ಕಷ್ಟವಲ್ಲ, ಐವತ್ತಕ್ಕೇ ಬರುತ್ತದೆ. ನನಗೆ ಅರವತ್ತೆರಡು. ಮೂರು ಹಿಡಿಕೆಗಳಲ್ಲಿ ಒಂದನ್ನು ದಿನಾ ನಾನೇ ಹಿಡಿಯುತ್ತೇನೆ.

ಬಂಗಾರಪೇಟೆಯ ಹೊಸ ಬಡಾವಣೆಗಳಲ್ಲಿ ಈಗ ಬೀದಿಗೆ ಎರಡು ಮೂರು ಮನೆ ಏಳುತ್ತಿವೆ. ಸಂಜೆ ನಡೆಯಲು ಹೋದಾಗ ಇಣುಕಿ ನೋಡುತ್ತೇನೆ, ಹಳೆಯ ಚಾಳಿ. ಮುಂಬಾಗಿಲಿಗೆ ತೇಗ, ಎರಡು ರೆಕ್ಕೆ, ಕೆತ್ತನೆ. ಬಚ್ಚಲಿಗೆ ಎರಡಡಿಯ ಪ್ಲಾಸ್ಟಿಕ್ ಬಾಗಿಲು. ಮನೆ ಕಟ್ಟಿಸುತ್ತಿರುವವರೇ, ಈ ಭಾನುವಾರ ಟೇಪು ತೆಗೆದುಕೊಂಡು ಹೋಗಿ ಅಳೆಯಿರಿ. ಬಚ್ಚಲ ಬಾಗಿಲ ಚೌಕಟ್ಟು ಒಳಗಡೆ 32 ಇಂಚಿಗಿಂತ ಕಡಿಮೆ ಇದ್ದರೆ ಸೋಮವಾರವೇ ಮೇಸ್ತ್ರಿಗೆ ಹೇಳಿ. ಗಾರೆ ಆಗುವ ಮುಂಚೆ ಅರ್ಧ ದಿನದ ಕೂಲಿಯಲ್ಲಿ ಮುಗಿಯುತ್ತದೆ.